ಸ್ಪೆಕ್ ಪಟ್ಟಿಯ ಅಂಚಿನಲ್ಲಿ ಬರೆದುಕೊಂಡದ್ದು

1

ಜಿಫೋರ್ಸ್ 256 ಗ್ರಾಫಿಕ್ಸ್ ಕಾರ್ಡ್. ಬಂದದ್ದು 1999ರ ಅಕ್ಟೋಬರ್‌ನಲ್ಲಿ. ಎನ್‌ವಿಡಿಯಾ ಇದನ್ನು ಪ್ರಪಂಚದ ಮೊದಲ ಜಿಪಿಯು ಎಂದು ಹೇಳಿ ಮಾರಿತು. ಮೆಮೊರಿ ಬಸ್ 128 ಬಿಟ್.

ಆರ್‌ಟಿಎಕ್ಸ್ 4060. ಬಂದದ್ದು 2023ರ ಜೂನ್‌ನಲ್ಲಿ. ಮೆಮೊರಿ ಬಸ್ 128 ಬಿಟ್.

2

ಮೆಮೊರಿ ಬಸ್ ಅಂದರೆ ಚಿಪ್‌ಗೂ ಅದರ ಮೆಮೊರಿಗೂ ನಡುವಿನ ದಾರಿ. ಬಿಟ್ ಲೆಕ್ಕ ಆ ದಾರಿಯ ಅಗಲ. ಡಿಡಿಆರ್ ಮೆಮೊರಿ ಹಾಕಿದ ಜಿಫೋರ್ಸ್ 256ರಲ್ಲಿ ಸೆಕೆಂಡಿಗೆ 4.8 ಜಿಬಿ ಸಾಗುತ್ತಿತ್ತು. 4060ರಲ್ಲಿ 272 ಜಿಬಿ ಸಾಗುತ್ತದೆ. ನಡುವೆ ಇಪ್ಪತ್ತನಾಲ್ಕು ವರ್ಷ. ಅಗಲ ಅಷ್ಟೇ.

3

ಜಿಫೋರ್ಸ್ 256ರ ಹೆಸರಿನಲ್ಲಿರುವ 256 ಬಸ್‌ಗೆ ಸೇರಿದ್ದಲ್ಲ. ಚಿಪ್‌ನೊಳಗೆ 64 ಬಿಟ್‌ನ ನಾಲ್ಕು ಪಿಕ್ಸೆಲ್ ಪೈಪ್‌ಲೈನ್ ಇದ್ದವು. ನಾಲ್ಕನ್ನೂ ಕೂಡಿಸಿ ಹೆಸರಿಟ್ಟರು.

4

ಜಿಫೋರ್ಸ್ 256ರ ಮೆಮೊರಿ ಸಾಮಾನ್ಯವಾಗಿ 32 ಎಂಬಿ. 4060ರ ಚಿಪ್‌ನೊಳಗೇ ಇರುವ ಎಲ್2 ಕ್ಯಾಷ್, ಅಂದರೆ ಪುಟ್ಟ ವೇಗದ ಮೆಮೊರಿ, 24 ಎಂಬಿ. 2022ರ ಆರ್‌ಟಿಎಕ್ಸ್ 4090ರಲ್ಲಿ ಕ್ಯಾಷ್ 72 ಎಂಬಿ. ಎರಡು ಹಳೆಯ ಕಾರ್ಡುಗಳ ಮೆಮೊರಿ ಪೂರ್ತಿ ಅದರೊಳಗೆ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ.

4060ಕ್ಕಿಂತ ಮೊದಲು ಬಂದ 3060ರಲ್ಲಿ ಈ ಕ್ಯಾಷ್ ಇದ್ದದ್ದು 3 ಎಂಬಿ ಮಾತ್ರ.

5

ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬಿದ್ದದ್ದು:

ಜಿಟಿಎಕ್ಸ್ 580, 2010. ಬಸ್ 384 ಬಿಟ್. ಸೆಕೆಂಡಿಗೆ 192 ಜಿಬಿ. 244 ವ್ಯಾಟ್.

ಜಿಟಿಎಕ್ಸ್ 680, 2012. ಬಸ್ 256 ಬಿಟ್. ಸೆಕೆಂಡಿಗೆ 192 ಜಿಬಿ. 195 ವ್ಯಾಟ್.

ಜಿಟಿಎಕ್ಸ್ 1060, 2016. ಬಸ್ 192 ಬಿಟ್. ಸೆಕೆಂಡಿಗೆ 192 ಜಿಬಿ. 120 ವ್ಯಾಟ್.

ಈ ಮೂರು ಕಾರ್ಡುಗಳಲ್ಲಿ ಬಸ್ ಕಿರಿದಾಗುತ್ತಾ ಹೋಯಿತು, ಮೆಮೊರಿಯ ವೇಗ ಏರುತ್ತಾ ಹೋಯಿತು. ಗುಣಿಸಿದರೆ ಬರುವ ಮೊತ್ತ ಮಾತ್ರ ಆರು ವರ್ಷ ಅಲ್ಲೇ ನಿಂತಿತ್ತು. ಆಟ ಓಡಿಸಿ ನೋಡಿದರೆ 1060, 580ರ ಸುಮಾರು ಎರಡು ಪಟ್ಟು ಕೆಲಸ ಮಾಡುತ್ತದೆ. ಚಿತ್ರದ ಬಣ್ಣಗಳನ್ನು ಕುಗ್ಗಿಸಿ ಮೆಮೊರಿಗೆ ಕಳಿಸುವ ವಿಧಾನ ಈ ನಡುವೆ ಸುಧಾರಿಸಿತ್ತು. ಎಷ್ಟು ಕುಗ್ಗಿಸುತ್ತದೆ ಎಂದು ಬರೆಯಲು ಪಟ್ಟಿಯಲ್ಲಿ ಸಾಲಿಲ್ಲ.

6

580ರಲ್ಲಿ ಕೋರ್, ಅಂದರೆ ಲೆಕ್ಕ ಮಾಡುವ ಘಟಕ, 512. 680ರಲ್ಲಿ 1536. ಸರಿಯಾಗಿ ಮೂರು ಪಟ್ಟು. ಆಟದ ವೇಗ ಮೂರು ಪಟ್ಟಾಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

580ರಲ್ಲಿ ಕೋರ್‌ಗಳ ಗಡಿಯಾರ ಉಳಿದ ಚಿಪ್‌ನ ಗಡಿಯಾರಕ್ಕಿಂತ ಎರಡು ಪಟ್ಟು ಜೋರಾಗಿ ಓಡುತ್ತಿತ್ತು: ಚಿಪ್ 772 ಮೆಗಾಹರ್ಟ್ಸ್, ಕೋರ್ 1544. 680ರಲ್ಲಿ ಆ ಏರ್ಪಾಡನ್ನು ತೆಗೆದರು. ಎಲ್ಲಕ್ಕೂ ಒಂದೇ ಗಡಿಯಾರ, 1006 ಮೆಗಾಹರ್ಟ್ಸ್. ಕೋರ್ ಹೆಚ್ಚು, ಪ್ರತಿ ಕೋರ್‌ನ ಓಟ ಕಡಿಮೆ, ಕರೆಂಟೂ ಕಡಿಮೆ.

7

ಜಿಟಿಎಕ್ಸ್ 1080 ಟಿಐ, 2017: ಕೋರ್ 3584.

ಆರ್‌ಟಿಎಕ್ಸ್ 3060, 2021: ಕೋರ್ 3584.

ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗಡಿಯಾರ ಹೊಸದರಲ್ಲೇ ಜೋರು. ಆದರೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಇಲ್ಲದ ಆಟಗಳಲ್ಲಿ 3060 ಹಳೆಯದರ ಜೊತೆ ಹೆಜ್ಜೆ ಹಾಕಲು ಏದುಸಿರು ಬಿಡುತ್ತದೆ.

2018ರ ಚಿಪ್‌ಗಳಲ್ಲಿ ಪ್ರತಿ ವಿಭಾಗಕ್ಕೆ ದಶಾಂಶದ ಲೆಕ್ಕ ಮಾಡುವ ಘಟಕ 64 ಇದ್ದರೆ, ಪಕ್ಕದಲ್ಲಿ ಪೂರ್ಣಾಂಕದ ಲೆಕ್ಕಕ್ಕೆಂದೇ ಬೇರೆ 64 ಇದ್ದವು. ಪಟ್ಟಿಯಲ್ಲಿ ಕೋರ್ ಎಂದು ಎಣಿಸುತ್ತಿದ್ದದ್ದು ಮೊದಲ 64ನ್ನು ಮಾತ್ರ. 2020ರ ತಲೆಮಾರಿನಲ್ಲಿ ಎರಡನೆಯ ಗುಂಪಿಗೂ ದಶಾಂಶದ ಲೆಕ್ಕ ಕಲಿಸಿದರು. ಎಣಿಕೆ 128 ಆಯಿತು. ಪೂರ್ಣಾಂಕದ ಕೆಲಸ ಬಂದಾಗ ಆ ಗುಂಪು ಅದನ್ನೂ ಮಾಡಬೇಕು. ಅಷ್ಟು ಹೊತ್ತು ಅದು ದಶಾಂಶದ ಕೆಲಸಕ್ಕೆ ಸಿಗುವುದಿಲ್ಲ.

ಆರ್‌ಟಿಎಕ್ಸ್ 2080 ಟಿಐನಲ್ಲಿ 4352, 3070ರಲ್ಲಿ 5888. ಆಟಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ.

8

ಎಎಂಡಿ ಕಡೆಯಿಂದ ಒಂದು ಅಂಕಿ: 4096.

2015ರ ಫ್ಯೂರಿ ಎಕ್ಸ್‌ನಲ್ಲಿ 4096 ಘಟಕ. 2017ರ ವೇಗಾ 64ರಲ್ಲಿ 4096. 2025ರ ಆರ್‌ಎಕ್ಸ್ 9070 ಎಕ್ಸ್‌ಟಿಯಲ್ಲಿ 4096.

ಫ್ಯೂರಿ ಎಕ್ಸ್‌ನ ಚಿಪ್‌ನಲ್ಲಿ 890 ಕೋಟಿ ಟ್ರಾನ್ಸಿಸ್ಟರ್. 9070 ಎಕ್ಸ್‌ಟಿಯಲ್ಲಿ 5390 ಕೋಟಿ. ಘಟಕಗಳ ಸಂಖ್ಯೆ ಬದಲಾಗದೆ ಟ್ರಾನ್ಸಿಸ್ಟರ್ ಆರು ಪಟ್ಟು.

ಫ್ಯೂರಿ ಎಕ್ಸ್‌ನ ಮೆಮೊರಿ ಬಸ್ಸೂ 4096 ಬಿಟ್. ಗಡಿಯಾರ 500 ಮೆಗಾಹರ್ಟ್ಸ್. ಅಷ್ಟು ಅಗಲ, ಅಷ್ಟು ನಿಧಾನ. ಮೆಮೊರಿ ಒಟ್ಟು 4 ಜಿಬಿ.

9

ವೇಗಾ 64: ಸೆಕೆಂಡಿಗೆ 12.7 ಲಕ್ಷ ಕೋಟಿ ಲೆಕ್ಕ, 295 ವ್ಯಾಟ್. ಎರಡು ವರ್ಷದ ನಂತರ ಬಂದ ಆರ್‌ಎಕ್ಸ್ 5700 ಎಕ್ಸ್‌ಟಿ: 9.75 ಲಕ್ಷ ಕೋಟಿ ಲೆಕ್ಕ, 225 ವ್ಯಾಟ್. ಪಟ್ಟಿಯ ಪ್ರಕಾರ ಲೆಕ್ಕದ ವೇಗದಲ್ಲಿ ಹೊಸದು ಹಿಂದೆ. ಆಟಗಳಲ್ಲಿ ಅದೇ ಮುಂದೆ.

ಹಳೆಯದರಲ್ಲಿ ಕೆಲಸಗಾರರು ಹೆಚ್ಚು, ಆದರೆ ಅವರಿಗೆ ಕೆಲಸ ಹಂಚುವ ರೀತಿಯಿಂದ ಬಹಳ ಜನ ಖಾಲಿ ಕೂರುತ್ತಿದ್ದರು. ಖಾಲಿ ಕೂತವರನ್ನೂ ಸೇರಿಸಿಯೇ 12.7.

10

ಎಸ್.ಪಿ. ರೋಡ್, ಬೆಂಗಳೂರು. ಕೌಂಟರ್ ಮುಂದೆ ಒಬ್ಬ ತಂದೆ, ಜೊತೆಗೆ ಹೈಸ್ಕೂಲಿನ ಮಗ.

“ಎಷ್ಟು ಜಿಬಿದು ಬೇಕು ಸಾರ್?”

“ನಾಲ್ಕು ಜಿಬಿ ಸಾಕೇನೋ?” ತಂದೆ ಮಗನನ್ನು ಕೇಳಿದರು.

ಅಂಗಡಿಯವರು ಎರಡು ಡಬ್ಬಿ ತೆಗೆದಿಟ್ಟರು. ಒಂದು ಜಿಟಿ 730. ಇನ್ನೊಂದು ಜಿಟಿಎಕ್ಸ್ 1650. ತಂದೆ ಎರಡನ್ನೂ ತಿರುಗಿಸಿ ನೋಡಿದರು.

“ಎರಡೂ ನಾಲ್ಕು ಜಿಬಿನೇ ಅಲ್ವಾ? ಮತ್ತೆ ರೇಟಲ್ಲಿ ಇಷ್ಟು ವ್ಯತ್ಯಾಸ ಯಾಕೆ?”

“ಅಪ್ಪಾ, ಅದು ಡಿಡಿಆರ್3,” ಎಂದ ಮಗ.

ತಂದೆ ಮತ್ತೆ ಡಬ್ಬಿ ನೋಡಿದರು. 4 ಜಿಬಿ ಎಂಬುದು ದೊಡ್ಡ ಅಕ್ಷರದಲ್ಲಿತ್ತು. ಡಿಡಿಆರ್3 ಎಂಬುದನ್ನು ಹುಡುಕಬೇಕಾಯಿತು.

ಆ 730ರಲ್ಲಿ ಮೆಮೊರಿಯ ಓಟ ಸೆಕೆಂಡಿಗೆ 14.4 ಜಿಬಿ. 1650ರಲ್ಲಿ 128.

11

ಜಿಟಿ 730 ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್‌ಗಳ ಕಾರ್ಡುಗಳಿವೆ. ಒಂದರಲ್ಲಿ 96 ಕೋರ್, 128 ಬಿಟ್. ಇನ್ನೊಂದರಲ್ಲಿ 384 ಕೋರ್, 64 ಬಿಟ್. ಚಿಪ್‌ನ ವಂಶವೇ ಬೇರೆ. ಎರಡೂ 2014ರವು.

ಜಿಟಿ 1030ಗೂ ಎರಡು ಮುಖ. 2017ರದ್ದು ಜಿಡಿಡಿಆರ್5, ಸೆಕೆಂಡಿಗೆ 48 ಜಿಬಿ. 2018ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಡಿಡಿಆರ್4, 16.8 ಜಿಬಿ.

1060ರ 6 ಜಿಬಿ ಕಾರ್ಡಿನಲ್ಲಿ ಕೋರ್ 1280. 3 ಜಿಬಿ ಕಾರ್ಡಿನಲ್ಲಿ 1152. ಕೊಳ್ಳುವವರು ಕಡಿಮೆಯಾದದ್ದು ಮೆಮೊರಿ ಮಾತ್ರ ಎಂದುಕೊಳ್ಳುತ್ತಾರೆ. ಬೇರೆ ಬೇರೆ ಕಾರ್ಡುಗಳನ್ನು ಒಂದೇ ಹೆಸರಿನಲ್ಲಿ ಮಾರುವುದು ತಪ್ಪು ಪದ್ಧತಿ. ಚಿಪ್ ಅಥವಾ ಕೋರ್ ಎಣಿಕೆ ಬೇರೆಯಾದರೆ ಹೆಸರೂ ಬೇರೆಯಾಗಬೇಕು.

12

ಹಾಗೆ ಹೆಸರು ಬದಲಿಸಿದ್ದೂ ಒಮ್ಮೆ ನಡೆದಿದೆ. 2022ರ ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ ಎರಡು 4080 ಪ್ರಕಟಿಸಿತು. 16 ಜಿಬಿಯದರಲ್ಲಿ 9728 ಕೋರ್, 12 ಜಿಬಿಯದರಲ್ಲಿ 7680. ಜನ ಆಕ್ಷೇಪಿಸಿದರು. ಅಕ್ಟೋಬರ್‌ನಲ್ಲಿ ಎರಡನೆಯದನ್ನು ಮಾರುಕಟ್ಟೆಗೆ ಬರುವ ಮೊದಲೇ ಹಿಂದಕ್ಕೆ ತೆಗೆದುಕೊಂಡರು. ಜನವರಿಯಲ್ಲಿ ಅದು 4070 ಟಿಐ ಆಗಿ ಬಂತು. ಬೆಲೆ 899 ಡಾಲರ್‌ನಿಂದ 799ಕ್ಕೆ ಇಳಿದಿತ್ತು.

13

ಹೆಸರಿನ ಅಂಕಿಗಳು, ಬಂದ ಕ್ರಮದಲ್ಲಿ:

ಜಿಫೋರ್ಸ್ 3, 2001. ಜಿಫೋರ್ಸ್ 4 ಎಂಎಕ್ಸ್, 2002. ಪ್ರತಿ ಪಿಕ್ಸೆಲ್ಲಿನ ಬಣ್ಣ ಲೆಕ್ಕ ಹಾಕುವ ಪಿಕ್ಸೆಲ್ ಶೇಡರ್ ಇದ್ದದ್ದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಇರಲಿಲ್ಲ.

20ರ ಸರಣಿ ಬಂದದ್ದು 2018ರಲ್ಲಿ. 16ರ ಸರಣಿ ಬಂದದ್ದು 2019ರಲ್ಲಿ.

ರೇಡಿಯಾನ್ 9700, 2002. ರೇಡಿಯಾನ್ ಆರ್‌ಎಕ್ಸ್ 9070, 2025. ಸೊನ್ನೆ ಒಂದು ಮನೆ ಹಿಂದಕ್ಕೆ ಸರಿದಿದೆ.

14

ರಿಪೇರಿಯವರ ಮೇಜಿನ ಮೇಲೆ ಕೂಲರ್ ಬಿಚ್ಚಿದ ಒಂದು 1080 ಟಿಐ. ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಅವರು ಅದನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನಡುವೆ ಚಿಪ್, ಅದರ ಮೂರು ಬದಿಗೆ ಕಪ್ಪು ಮೆಮೊರಿ ಚಿಪ್‌ಗಳು. ಎಣಿಸಿದೆ. ಹನ್ನೊಂದು. ಹನ್ನೆರಡನೆಯದು ಕೂರಬೇಕಾದ ಚೌಕದಲ್ಲಿ ಬೆಸುಗೆಯ ಚುಕ್ಕೆಗಳಿದ್ದವು, ಚಿಪ್ ಇರಲಿಲ್ಲ.

“ಬಿದ್ದು ಹೋಗಿದೆಯಾ?” ಎಂದು ಕೇಳಿದೆ.

“ಇಲ್ಲ ಸಾರ್. ಕಂಪನಿಯಿಂದಲೇ ಹಂಗೆ ಬರೋದು.”

ಒಂದೊಂದು ಮೆಮೊರಿ ಚಿಪ್‌ಗೆ 32 ಬಿಟ್ ದಾರಿ, 1 ಜಿಬಿ ಜಾಗ. ಹನ್ನೊಂದು ಚಿಪ್‌ಗೆ 352 ಬಿಟ್, 11 ಜಿಬಿ. ಪಟ್ಟಿಯಲ್ಲಿರುವ ಆ ವಿಚಿತ್ರ ಅಂಕಿಗಳು ಎಲ್ಲಿಂದ ಬಂದವೆಂದು ಬೋರ್ಡ್ ನೋಡಿದರೆ ತಿಳಿಯುತ್ತದೆ. ಅದೇ ಚಿಪ್ ಇಟ್ಟ ಟೈಟನ್ ಎಕ್ಸ್‌ಪಿಯಲ್ಲಿ ಹನ್ನೆರಡೂ ಇವೆ. ಪಿಕ್ಸೆಲ್‌ಗಳನ್ನು ಮೆಮೊರಿಗೆ ಬರೆಯುವ ಘಟಕಗಳು, ಆರ್‌ಒಪಿಗಳು, ಟೈಟನ್‌ನಲ್ಲಿ 96, 1080 ಟಿಐನಲ್ಲಿ 88. ಇದನ್ನು ಮೊದಲ ದಿನದಿಂದಲೇ ಪಟ್ಟಿಯಲ್ಲಿ ಬರೆದಿದ್ದರು.

15

ಜಿಟಿಎಕ್ಸ್ 970, 2014ರ ಸೆಪ್ಟೆಂಬರ್. ಪಟ್ಟಿಯಲ್ಲಿ ಆರ್‌ಒಪಿ 64, ಎಲ್2 ಕ್ಯಾಷ್ 2 ಎಂಬಿ, ಮೆಮೊರಿ 4 ಜಿಬಿ.

2015ರ ಜನವರಿಯಲ್ಲಿ ಬಳಸುವವರೇ ಕಂಡುಹಿಡಿದರು: ಮೆಮೊರಿ 3.5 ಜಿಬಿ ದಾಟಿದರೆ ಕಾರ್ಡ್ ತಡವರಿಸುತ್ತದೆ. ಆಮೇಲೆ ಕಂಪನಿ ತಿದ್ದಿದ ಅಂಕಿ ಕೊಟ್ಟಿತು. ಆರ್‌ಒಪಿ 56. ಕ್ಯಾಷ್ 1.75 ಎಂಬಿ. ಮೆಮೊರಿ ಎರಡು ಭಾಗ: 3.5 ಜಿಬಿ ವೇಗದ್ದು, ಅರ್ಧ ಜಿಬಿ ನಿಧಾನದ್ದು. ಎಂಜಿನಿಯರುಗಳಿಗೂ ಮಾರಾಟ ವಿಭಾಗಕ್ಕೂ ನಡುವೆ ಮಾತು ಸರಿಯಾಗಿ ತಲುಪಿರಲಿಲ್ಲ ಎಂಬ ವಿವರಣೆ ಬಂತು. ಅಮೆರಿಕದಲ್ಲಿ ಮೊಕದ್ದಮೆಯಾಗಿ, 2016ರಲ್ಲಿ ಕೊಂಡವರಿಗೆ ಕಾರ್ಡಿಗೆ 30 ಡಾಲರ್‌ನಂತೆ ಕೊಡಲು ಒಪ್ಪಂದವಾಯಿತು.

16

ಆರ್‌ಟಿಎಕ್ಸ್ 5090, 2025ರ ಜನವರಿ. ಪಟ್ಟಿಯಲ್ಲಿ ಆರ್‌ಒಪಿ 176. ಕೆಲವರ ಕಾರ್ಡಿನಲ್ಲಿ ಜಿಪಿಯು-ಝಡ್ ಎಂಬ ಪುಟ್ಟ ಉಚಿತ ತಂತ್ರಾಂಶ 168 ಎಂದು ತೋರಿಸಿತು. ಫೆಬ್ರವರಿಯಲ್ಲಿ ಕಂಪನಿ ಒಪ್ಪಿಕೊಂಡಿತು: ಶೇಕಡ ಅರ್ಧಕ್ಕಿಂತ ಕಡಿಮೆ ಕಾರ್ಡುಗಳಲ್ಲಿ ಹೀಗಾಗಿದೆ, ಬದಲಿಸಿಕೊಡಲಾಗುವುದು.

17

3060ರಲ್ಲಿ 12 ಜಿಬಿ. ಅದಕ್ಕಿಂತ ಎರಡು ಪಟ್ಟು ಬೆಲೆಯ 3080ರಲ್ಲಿ ಬರುವಾಗ ಇದ್ದದ್ದು 10 ಜಿಬಿ. 3060ರ 192 ಬಿಟ್ ಬಸ್‌ಗೆ ಆರು ಚಿಪ್. ಒಂದೊಂದರ ಅಳತೆ 1 ಜಿಬಿ ಅಥವಾ 2 ಜಿಬಿ. ಆರು ಕಡಿಮೆಯಾಯಿತು ಅನ್ನಿಸಿದರೆ ಮುಂದಿನ ಮೆಟ್ಟಿಲು ಹನ್ನೆರಡೇ.

18

8 ಜಿಬಿ: ಆರ್9 390, 2015. ಆರ್‌ಎಕ್ಸ್ 480, 2016. ಆರ್‌ಟಿಎಕ್ಸ್ 2080, 2018. ಆರ್‌ಟಿಎಕ್ಸ್ 4060, 2023. ಆರ್‌ಟಿಎಕ್ಸ್ 5060, 2025.

19

ವಿದ್ಯುತ್ತಿನ ಸಾಲು.

ಜಿಫೋರ್ಸ್ 256ಕ್ಕೆ ಬೇರೆ ಕೇಬಲ್ ಬೇಕಿರಲಿಲ್ಲ. ಸ್ಲಾಟ್‌ನಿಂದ ಬಂದದ್ದು ಸಾಕಾಗುತ್ತಿತ್ತು. 2002ರ ರೇಡಿಯಾನ್ 9700 ಪ್ರೊಗೆ ಫ್ಲಾಪಿ ಡ್ರೈವ್‌ಗೆ ಹಾಕುವ ಪುಟ್ಟ ಕನೆಕ್ಟರ್ ಚುಚ್ಚಬೇಕಿತ್ತು. 2006ರ 8800 ಜಿಟಿಎಕ್ಸ್‌ಗೆ ಆರು ಪಿನ್ನಿನ ಎರಡು ಕೇಬಲ್. 4090: 450 ವ್ಯಾಟ್. 5090: 575 ವ್ಯಾಟ್.

ಎನ್‌ವಿಡಿಯಾದ ಸ್ವಂತ ಮಾದರಿಗಳಲ್ಲಿ 450 ವ್ಯಾಟಿನ 4090 ಕ್ಯಾಬಿನೆಟ್‌ನಲ್ಲಿ ಮೂರು ಸ್ಲಾಟ್‌ನ ಜಾಗ ಹಿಡಿಯುತ್ತದೆ. 575 ವ್ಯಾಟಿನ 5090 ಎರಡೇ ಸ್ಲಾಟ್.

ಮದರ್‌ಬೋರ್ಡ್‌ನ ಸ್ಲಾಟ್ 2004ರಲ್ಲಿ ಎಷ್ಟು ಉದ್ದವಿತ್ತೋ ಈಗಲೂ ಅಷ್ಟೇ. ಅದರಿಂದ ಕಾರ್ಡಿಗೆ ಸಿಗುವುದು ಆಗಲೂ 75 ವ್ಯಾಟ್, ಈಗಲೂ 75 ವ್ಯಾಟ್. ಕಾರ್ಡಿನ ತೂಕ ಮಾತ್ರ ಬೆಳೆಯಿತು. ಈಗ ಡಬ್ಬಿಯಲ್ಲಿ ಕೆಲವು ದೊಡ್ಡ ಕಾರ್ಡುಗಳ ಜೊತೆ ಊರುಗೋಲೂ ಬರುತ್ತದೆ, ಕಾರ್ಡ್ ಜೋತು ಬೀಳದಂತೆ ಕೆಳಗೆ ನಿಲ್ಲಿಸಲು.

20

4060ರ ಕೆಳಗಿನ ಚಿನ್ನದ ಹಲ್ಲುಗಳ ಸಾಲು 16 ಲೇನಿನ (ಬೋರ್ಡಿಗೂ ಕಾರ್ಡಿಗೂ ಮಾಹಿತಿ ಸಾಗುವ ದಾರಿಯ) ಉದ್ದ ಇದೆ. ಕೆಲಸ ಮಾಡುವುದು 8 ಲೇನ್. ಹೊಸ ಬೋರ್ಡಿನಲ್ಲಿ ಕೊರತೆ ಗೊತ್ತಾಗುವುದಿಲ್ಲ. ಹಳೆಯ ಬೋರ್ಡಿನಲ್ಲಿ ಪ್ರತಿ ಲೇನಿನ ವೇಗವೂ ಅರ್ಧ. ಹಳೆಯ ಕಂಪ್ಯೂಟರಿಗೆ ಜೀವ ತುಂಬಲು ಇದನ್ನು ಕೊಳ್ಳುವವರಿಗೇ ಇದರಿಂದ ನಷ್ಟ.

21

8800 ಜಿಟಿಎಕ್ಸ್‌ನ ಚಿಪ್: 68 ಕೋಟಿ ಟ್ರಾನ್ಸಿಸ್ಟರ್, 484 ಚದರ ಮಿಲಿಮೀಟರ್, 90 ನ್ಯಾನೊಮೀಟರ್. 4060ರ ಚಿಪ್: 1890 ಕೋಟಿ ಟ್ರಾನ್ಸಿಸ್ಟರ್, 159 ಚದರ ಮಿಲಿಮೀಟರ್. ನ್ಯಾನೊಮೀಟರ್ ಇರಬೇಕಾದ ಕಡೆ ‘4ಎನ್’ ಎಂದಿದೆ. ಅದು ಚಿಪ್‌ನ ಯಾವ ಭಾಗದ ಅಳತೆಯೂ ಅಲ್ಲ. ತಯಾರಿಕೆಯ ತಲೆಮಾರಿಗೆ ಇಟ್ಟ ಹೆಸರು.

22

ಪಟ್ಟಿಯಲ್ಲಿ ಹೊಸ ಸಾಲು ಬಂದಿದೆ: ಎಐ ಟಾಪ್ಸ್, ಅಂದರೆ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಎಐ ಲೆಕ್ಕ. 4090ಕ್ಕೆ 1321. 5090ಕ್ಕೆ 3352. ಮೊದಲನೆಯದು 8 ಬಿಟ್‌ನ ಲೆಕ್ಕ. ಎರಡನೆಯದು 4 ಬಿಟ್‌ನ ಲೆಕ್ಕ.

23

2025ರ ಜನವರಿ, ಲಾಸ್ ವೇಗಸ್. ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ವೇದಿಕೆಯ ಮೇಲೆ ಹೇಳಿದ್ದು: 549 ಡಾಲರ್‌ನ 5070, 4090ರಷ್ಟು ಕೆಲಸ ಮಾಡುತ್ತದೆ.

5070ರಲ್ಲಿ 6144 ಕೋರ್, 12 ಜಿಬಿ. 4090ರಲ್ಲಿ 16384 ಕೋರ್, 24 ಜಿಬಿ.

5070 ಒಂದು ಫ್ರೇಮ್ ಬಿಡಿಸಿ, ಅದಕ್ಕೂ ಮುಂದೆ ಬಿಡಿಸುವ ಫ್ರೇಮಿಗೂ ನಡುವೆ ಮೂರನ್ನು ಊಹಿಸಿ ತುಂಬಬಲ್ಲದು. ಪರದೆಯ ಮೂಲೆಯ ಫ್ರೇಮ್ ಎಣಿಕೆ ನಾಲ್ಕನ್ನೂ ಎಣಿಸುತ್ತದೆ. ಮೌಸ್ ಅಲುಗಿಸಿದವರ ಕೈಗೆ ಉತ್ತರ ಕೊಡುವುದು ಬಿಡಿಸಿದ ಫ್ರೇಮ್.

24

ಬಾರ್ಡರ್‌ಲ್ಯಾಂಡ್ಸ್ 2, ಮಿರರ್ಸ್ ಎಡ್ಜ್. ಹೊಗೆ, ಚೂರಾಗುವ ಗಾಜು, ಹಾರಾಡುವ ಬಟ್ಟೆ ತೋರಿಸಲು ಫಿಸಿಕ್ಸ್ ಲೆಕ್ಕವನ್ನು ಎನ್‌ವಿಡಿಯಾ ಕಾರ್ಡಿಗೆ ಒಪ್ಪಿಸುತ್ತಿದ್ದ ಆಟಗಳು. 50ರ ಸರಣಿ ಬಂದಾಗ ಅದರಲ್ಲಿ 32 ಬಿಟ್ ಕೂಡಾಗೆ (CUDA, ಇಂಥ ಲೆಕ್ಕವನ್ನು ಕಾರ್ಡಿನ ಮೇಲೆ ಓಡಿಸುವ ವ್ಯವಸ್ಥೆ) ಬೆಂಬಲವಿರಲಿಲ್ಲ. ಆ ಲೆಕ್ಕ ಸಿಪಿಯು ಪಾಲಿಗೆ ಬಿತ್ತು. 5090ರಲ್ಲಿ ಆಟ ತೆವಳಿತು. ಕೆಲವರು ಪಕ್ಕದ ಸ್ಲಾಟ್‌ನಲ್ಲಿ ಹಳೆಯ ಕಾರ್ಡೊಂದನ್ನು ಹಾಕಿ ಗಾಜು ಒಡೆಯುವ ಕೆಲಸ ಅದಕ್ಕೆ ಕೊಟ್ಟರು. ಸರಾಗವಾಗಿ ಓಡಿತು.

25

ವಿಜಿಎ ಮಾನಿಟರ್‌ಗೆ ನೇರವಾಗಿ ಚಿತ್ರ ಕಳಿಸುವ ಸಾಮರ್ಥ್ಯ ಎನ್‌ವಿಡಿಯಾದಲ್ಲಿ 2016ರ 10ರ ಸರಣಿಯಿಂದ ಇಲ್ಲ. 970ರಲ್ಲಿ ಇತ್ತು.

26

ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ ಬೆಂಗಳೂರಿನಲ್ಲಿದೆ. 2023ರ ನವೆಂಬರ್‌ನಲ್ಲಿ ತೆರೆಯಿತು. ಎನ್‌ವಿಡಿಯಾಗೂ ಇಲ್ಲಿ ಎಂಜಿನಿಯರುಗಳಿದ್ದಾರೆ. ಹೊಸ ಚಿಪ್‌ಗಳ ಕೆಲಸ ಇದೇ ಊರಿನಲ್ಲಿ ನಡೆಯುತ್ತದೆ. ಜಿಟಿ 730 ಹತ್ತು ವರ್ಷದ ಮೇಲೂ ಇದೇ ಊರಿನಲ್ಲಿ ಸೀಲ್ ಒಡೆಯದ ಡಬ್ಬಿಯಲ್ಲಿ ಸಿಗುತ್ತದೆ.

27

1060 ಹಲವು ವರ್ಷ ಆಟಗಾರರ ಬಳಿ ಅತಿ ಹೆಚ್ಚು ಇದ್ದ ಕಾರ್ಡ್. ಹಳೆಯ ಕಾರ್ಡುಗಳ ಅಂಗಡಿಯಲ್ಲಿ ಈಗಲೂ ಅದಕ್ಕೆ ಗಿರಾಕಿ ಇದ್ದಾರೆ. 1080 ಟಿಐಗಂತೂ ಹುಡುಕಿಕೊಂಡು ಬರುವವರಿದ್ದಾರೆ. ಅಂಕಿಗಳನ್ನು ನೋಡಿದರೆ ಅವರ ಆಯ್ಕೆಯಲ್ಲಿ ತಪ್ಪು ಕಾಣುವುದಿಲ್ಲ.

28

900 ಮತ್ತು 10ರ ಸರಣಿಗಳಿಗೆ ಹೊಸ ಆಟಗಳಿಗಾಗಿ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಭದ್ರತೆಯ ತಿದ್ದುಪಡಿಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ. ಈ ತಾರೀಖುಗಳು ಕಾರ್ಡಿನ ಸ್ಪೆಕ್ ಪಟ್ಟಿಯಲ್ಲಿ ಇಲ್ಲ. ಹಳೆಯ ಕಾರ್ಡ್ ಕೊಳ್ಳುವವರು ಜಿಬಿ, ಕೋರ್ ಎಣಿಸುವ ಮೊದಲು ಇವನ್ನು ನೋಡಿಕೊಳ್ಳಿ.